ಹಾಲಿನ ಬಾಟಲಿ: ಅದ್ದಿ ತೆಗೆದರೆ ಶುದ್ಧವಾಗುವುದಿಲ್ಲ

"ಬಾಟ್ಲಿ ದಿನಾ ಬಿಸಿನೀರಾಗ ಅದ್ದಿ ತಗೀತೀನ್ರಿ, ಆದ್ರೂ ಕೂಸಿಗೆ ಮ್ಯಾಲಿಂದ ಮ್ಯಾಲೆ ಭೇದಿ ಆಗತೈತಿ" ಎನ್ನುವ ತಾಯಂದಿರು ವಿಜಯಪುರ ಜಿಲ್ಲೆಯ ಯಾವ ಊರಿಗೆ ಹೋದರೂ ಸಿಗುತ್ತಾರೆ. ಇಂಡಿ ಸೀಮೆಯ ತಾಂಬಾದಂಥ ದೊಡ್ಡ ಹಳ್ಳಿ ಇರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಪಟ್ಟಣ ಇರಲಿ, ಮಾತು ಒಂದೇ. ತಾಯಿಗೆ ಕಾಳಜಿ ಇದೆ, ಶ್ರಮವನ್ನೂ ಪಡುತ್ತಾಳೆ. ಆದರೆ ಬಿಸಿನೀರಿನಲ್ಲಿ ಅದ್ದಿ ತೆಗೆಯುವುದು ಬೇರೆ, ಬಾಟಲಿಯನ್ನು ಕ್ರಿಮಿಶುದ್ಧ ಮಾಡುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲಿಯೇ ಎಷ್ಟೋ ಕೂಸುಗಳು ಸೊರಗುತ್ತವೆ.

ವಿಷಯಕ್ಕೆ ಹೋಗುವ ಮುನ್ನ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹುಟ್ಟಿದ ಮಗುವಿಗೆ ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು. ನೀರು ಕೂಡ ಬೇಡ, ವಿಜಯಪುರದ ಬೇಸಿಗೆಯಲ್ಲಿಯೂ ಬೇಡ. ಎದೆಯಿಂದ ನೇರವಾಗಿ ಮಗುವಿನ ಬಾಯಿಗೆ ಹೋಗುವ ಹಾಲಿಗೆ ಬಾಟಲಿಯೂ ಬೇಕಿಲ್ಲ, ಕುದಿಸುವುದೂ ಬೇಕಿಲ್ಲ. ಆದರೂ ಬಾಟಲಿ ಮನೆಯೊಳಗೆ ಬಂದೇ ಬರುತ್ತದೆ. ತಾಯಿ ತೀರಿಕೊಂಡ ಮಗು, ದಿನ ತುಂಬುವ ಮೊದಲೇ ಹುಟ್ಟಿ ಎದೆ ಚೀಪಲಾರದ ಮಗು, ಅವಳಿಜವಳಿಗಳು, ತೀವ್ರ ಕಾಯಿಲೆಯಲ್ಲಿರುವ ಬಾಣಂತಿ, ರಜೆ ಮುಗಿದು ಶಾಲೆಗೋ ಬ್ಯಾಂಕಿಗೋ ಆಸ್ಪತ್ರೆಯ ಕೆಲಸಕ್ಕೋ ಮರಳಬೇಕಾದ ತಾಯಿ, ಇವರ ಕಷ್ಟ ನಿಜವಾದದ್ದು. ಈ ಲೇಖನ ಇಂಥ ಮನೆಗಳಿಗಾಗಿ. ಬಾಟಲಿಗೆ ಇದು ಶಿಫಾರಸು ಪತ್ರವೆಂದು ಯಾರೂ ಭಾವಿಸಬಾರದು.

ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತನ್ನು ನೀವು ಪತ್ರಿಕೆಯಲ್ಲಿ ನೋಡಿರಲಾರಿರಿ. ಅದಕ್ಕೆ ಕಾನೂನು ಕಾರಣ. 1970ರ ದಶಕದಲ್ಲಿ ಬಡ ದೇಶಗಳ ತಾಯಂದಿರಿಗೆ ಹಾಲಿನ ಪುಡಿಯನ್ನು ಮಾರುತ್ತಿದ್ದ ಕಂಪನಿಗಳ ವಿರುದ್ಧ ಜಗತ್ತಿನಾದ್ಯಂತ ಕೂಗೆದ್ದಿತು. ಶುದ್ಧ ನೀರಿಲ್ಲದ, ಉರುವಲಿಲ್ಲದ ಮನೆಗಳಲ್ಲಿ ಬಾಟಲಿಯೇ ಮಕ್ಕಳ ಸಾವಿಗೆ ಕಾರಣವಾಗುತ್ತಿದೆ ಎಂಬುದು ಮುಖ್ಯ ಆಕ್ಷೇಪವಾಗಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇದರ ಮಾರಾಟಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆಯನ್ನು ಒಪ್ಪಿತು. ಭಾರತ 1992ರಲ್ಲಿ ತನ್ನದೇ ಕಾಯಿದೆ ಮಾಡಿತು. ಅದು 1993ರ ಆಗಸ್ಟ್ 1ರಿಂದ ಜಾರಿಗೆ ಬಂದು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಅದರ ಪ್ರಕಾರ ಜಾಹೀರಾತು, ಉಚಿತ ಮಾದರಿ, ತಾಯಂದಿರಿಗೆ ಉಡುಗೊರೆ ಎಲ್ಲವೂ ನಿಷಿದ್ಧ. ಬಾಟಲಿಯ ಮೇಲೆ ಐ.ಎಸ್.ಐ. ಗುರುತೂ ಇರಬೇಕು. ಸಂತೆಯಲ್ಲಿ ಆಟಿಕೆಗಳ ಜೊತೆ ತೂಗುಹಾಕಿರುವ ಗುರುತಿಲ್ಲದ ಬಣ್ಣದ ಬಾಟಲಿಗಳನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ.

ಬಾಟಲಿಯ ಮೂಲ ದೋಷ

ಬಾಟಲಿಯ ತೊಂದರೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಲ್ಲಿ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿದ ಹಾಲಿನ ಬಾಟಲಿಗಳು ಬಳಕೆಗೆ ಬಂದವು. ಮಗುವಿನ ಪಕ್ಕದಲ್ಲಿ ಬಾಟಲಿ ಇಟ್ಟು ಕೊಳವೆಯನ್ನು ಬಾಯಿಗೆ ಕೊಟ್ಟರಾಯಿತು, ಹಿಡಿದುಕೊಂಡು ಕೂರಬೇಕಿಲ್ಲ. ತಾಯಂದಿರಿಗೆ ಬಹಳ ಅನುಕೂಲವೆನಿಸಿತು. ಆದರೆ ಆ ಕೊಳವೆಯ ಒಳಭಾಗವನ್ನು ಯಾರಿಂದಲೂ ಉಜ್ಜಲಾಗುತ್ತಿರಲಿಲ್ಲ. ಎಷ್ಟು ಮಕ್ಕಳು ಸತ್ತವೆಂದರೆ ಅವಕ್ಕೆ "ಕೊಲೆಗಾರ ಬಾಟಲಿ" ಎಂದೇ ಹೆಸರಾಯಿತು. ಕೊನೆಗೆ 1910ರಲ್ಲಿ ಫ್ರಾನ್ಸ್ ಅವುಗಳ ಮಾರಾಟವನ್ನು ಕಾನೂನಿನಿಂದಲೇ ನಿಲ್ಲಿಸಿತು.

ಈ ಕಥೆಯಿಂದ ಇಂದಿಗೂ ತೆಗೆದುಕೊಳ್ಳಬೇಕಾದ ಒಂದು ಅಳತೆಗೋಲಿದೆ. ಹಾಲು ತಾಗುವ ಯಾವ ಭಾಗಕ್ಕೆ ನಿಮ್ಮ ಬೆರಳಾಗಲಿ ಬ್ರಷ್ ಆಗಲಿ ತಲುಪುವುದಿಲ್ಲವೋ, ಆ ಭಾಗ ಎಂದೂ ಶುದ್ಧವಾಗುವುದಿಲ್ಲ. ಬಾಟಲಿ ಕೊಳ್ಳುವಾಗ ಇದನ್ನು ನೆನಪಿಡಿ. ಕತ್ತು ಅಗಲವಾಗಿರಬೇಕು, ಒಳಗೆ ಮೂಲೆ, ಮಡಿಕೆ, ಉಬ್ಬುಚಿತ್ತಾರ ಇರಬಾರದು. ಆನೆಯ ಆಕಾರ, ಮೊಲದ ಆಕಾರದ ಬಾಟಲಿಗಳು ನೋಡಲು ಚಂದ, ತೊಳೆಯಲು ಕಠಿಣ.

ಹಾಲು ಮಗುವಿಗೆ ಹೇಗೆ ಪುಷ್ಟಿಯೋ ರೋಗಾಣುಗಳಿಗೂ ಹಾಗೆಯೇ. ಬೆಚ್ಚಗಿನ ಹಾಲಿನಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತವೆ. ಒಂದು ಗಂಟೆಗೆ ಎಂಟು. ಮೂರು ಗಂಟೆಗೆ 512. ಆರು ಗಂಟೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು. ರಾತ್ರಿ ಹತ್ತಕ್ಕೆ ಅರ್ಧ ಕುಡಿಸಿ ತಲೆದೆಸೆಯಲ್ಲಿಟ್ಟ ಬಾಟಲಿಯನ್ನು ನಸುಕಿನ ನಾಲ್ಕಕ್ಕೆ ಮಗು ಅತ್ತಿತೆಂದು ಮತ್ತೆ ಬಾಯಿಗಿಟ್ಟರೆ ಏನಾಗುತ್ತದೆಂಬ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು. ಹಾಲು ಕೆಟ್ಟ ವಾಸನೆ ಬರಲಿಲ್ಲ, ಒಡೆಯಲಿಲ್ಲ ಎಂಬುದು ಸಮಾಧಾನಕ್ಕೆ ಕಾರಣವಾಗದು. ರೋಗ ತರುವ ಕ್ರಿಮಿಗಳು ಹಾಲಿನ ರುಚಿಯನ್ನು ಕೆಡಿಸಲೇಬೇಕೆಂದಿಲ್ಲ.

ಮೊದಲು ತೊಳೆಯುವುದು, ಆಮೇಲೆ ಕುದಿಸುವುದು

ಬಹಳ ಮನೆಗಳಲ್ಲಿ ಕುದಿಸುವುದಕ್ಕೆ ಕೊಡುವ ಮಹತ್ವವನ್ನು ತೊಳೆಯುವುದಕ್ಕೆ ಕೊಡುವುದಿಲ್ಲ. ಅಲ್ಲಿಯೇ ಎಡವಟ್ಟು. ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಇರುತ್ತವೆ. ಹಾಲು ಖಾಲಿಯಾದ ಬಾಟಲಿಯ ಒಳಮೈಗೆ ಇವುಗಳ ತೆಳ್ಳನೆಯ ಪೊರೆ ಅಂಟಿಕೊಂಡಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಜಿಡ್ಡು ಗೊತ್ತಾಗುತ್ತದೆ. ರೋಗಾಣುಗಳು ಈ ಪೊರೆಯಡಿ ಮನೆ ಮಾಡಿಕೊಳ್ಳುತ್ತವೆ. ತೊಳೆಯದ ಬಾಟಲಿಯನ್ನು ಹಾಗೆಯೇ ಕುದಿಯುವ ನೀರಿಗೆ ಹಾಕಿದರೆ, ಹಾಲು ಕಾಯಿಸಿದ ಪಾತ್ರೆಯ ತಳದಲ್ಲಿ ಹಾಲು ಹತ್ತಿಕೊಳ್ಳುವಂತೆ, ಆ ಪೊರೆ ಇನ್ನಷ್ಟು ಗಟ್ಟಿಯಾಗಿ ಕೂಡುತ್ತದೆ. ಆದ್ದರಿಂದ ಕ್ರಮ ಹೀಗಿರಲಿ.

ಮಗು ಕುಡಿದ ಕೂಡಲೇ ಉಳಿದ ಹಾಲನ್ನು ಚೆಲ್ಲಿ ಬಾಟಲಿ, ನಿಪ್ಪಲ್, ಮುಚ್ಚಳ, ತಿರುಪಿನ ಬಳೆ ಎಲ್ಲವನ್ನೂ ಬಿಡಿಬಿಡಿ ಮಾಡಿ ತಣ್ಣೀರಿನಲ್ಲಿ ಗಲಬರಿಸಿ. ತೊಳೆಯುವುದು ತಡವಾದರೂ ಈ ಕೆಲಸ ತಡವಾಗಬಾರದು. ಒಣಗಿದ ಹಾಲನ್ನು ಬಿಡಿಸುವುದು ನಾಲ್ಕು ಪಟ್ಟು ಕಷ್ಟ. ತೊಳೆಯುವ ಮುನ್ನ ನಿಮ್ಮ ಕೈಗಳನ್ನು ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು ಉಜ್ಜಿಕೊಳ್ಳಿ. ಕೂಸಿನ ಹೊಲಸು ತೊಳೆದ ಕೈ, ಸೆಗಣಿ ಮುಟ್ಟಿದ ಕೈ, ಮಾಂಸ ಹೆಚ್ಚಿದ ಕೈ ಬರೀ ನೀರಿಗೆ ಶುದ್ಧವಾಗುವುದಿಲ್ಲ.

ಬಾಟಲಿಯನ್ನು ಬಚ್ಚಲಲ್ಲಿ ಅಥವಾ ಅಡಿಗೆಮನೆಯ ಸಿಂಕಿನಲ್ಲಿ ಇಟ್ಟು ತೊಳೆಯುವುದು ಸರಿಯಲ್ಲ. ಅಲ್ಲಿ ಮನೆಯ ಮುಸುರೆಯೆಲ್ಲ ಹರಿದು ಹೋಗಿರುತ್ತದೆ. ಕೂಸಿನ ಸಾಮಾನಿಗೆಂದೇ ಒಂದು ಸ್ಟೀಲಿನ ಬೋಗುಣಿ, ಒಂದು ಬಾಟಲಿ ಬ್ರಷ್, ಒಂದು ಸಣ್ಣ ನಿಪ್ಪಲ್ ಬ್ರಷ್ ತೆಗೆದಿಡಿ. ಬೇರೆ ಯಾವ ಕೆಲಸಕ್ಕೂ ಅವನ್ನು ಬಳಸಬಾರದು. ಬಿಸಿನೀರಿಗೆ ಪಾತ್ರೆ ತೊಳೆಯುವ ಸಾಬೂನು ಬೆರೆಸಿ ಒಳಗೂ ಹೊರಗೂ ಉಜ್ಜಬೇಕು. ಬಾಟಲಿಯ ಕತ್ತಿನ ತಿರುಪಿನ ಗೆರೆಗಳು ಮತ್ತು ನಿಪ್ಪಲಿನ ತುದಿ ಬಹಳ ಹಾಲು ಹಿಡಿಯುವ ಜಾಗಗಳು. ನಿಪ್ಪಲನ್ನು ಒಳಮೈ ಹೊರಗೆ ಮಾಡಿ ತಿರುಗಿಸಿ ಉಜ್ಜಿ, ತೂತಿನ ಮೂಲಕ ನೀರನ್ನು ಹಿಂಡಿ ತೆಗೆಯಿರಿ. ಬೂದಿ, ಉಸುಕು, ತಂತಿಯ ಜುಂಗು ಇವು ಹಿತ್ತಾಳೆ ಪಾತ್ರೆಗೆ ಸರಿ, ಪ್ಲಾಸ್ಟಿಕ್ ಬಾಟಲಿಗೆ ಗೀರು ಬೀಳಿಸುತ್ತವೆ. ಪ್ರತಿ ಗೀರೂ ಕ್ರಿಮಿಗೆ ಒಂದು ಗೂಡು. ಕೊನೆಗೆ ಸಾಬೂನು ಹೋಗುವವರೆಗೆ ಕುಡಿಯುವ ನೀರಿನಲ್ಲಿ ತೊಳೆಯಿರಿ. ಬೋಗುಣಿ ಮತ್ತು ಬ್ರಷ್‌ಗಳನ್ನೂ ತೊಳೆದು ಒಣಗಿಸಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಸದಾ ಒದ್ದೆಯಾಗಿ ಮೂಲೆಯಲ್ಲಿ ಬಿದ್ದಿರುವ ಬ್ರಷ್ ತಾನೇ ರೋಗದ ಬೇರು.

ನಿಪ್ಪಲಿನ ತೂತು ಸಣ್ಣದಾಯಿತೆಂದು ಕಾದ ಸೂಜಿಯಿಂದ ದೊಡ್ಡದು ಮಾಡುವ ರೂಢಿ ಇದೆ. ಸುಟ್ಟ ಅಂಚು ಒರಟಾಗಿ ಅಲ್ಲಿ ಹಾಲು ಹೆಪ್ಪುಗಟ್ಟುತ್ತದೆ, ಹಾಲು ರಭಸವಾಗಿ ಬಂದು ಮಗುವಿಗೆ ನೆತ್ತಿಗೇರುತ್ತದೆ. ಇದು ಬೇಡ. ಅಂಟಂಟಾದ, ಉಬ್ಬಿದ, ಬಿರುಕು ಬಿಟ್ಟ ನಿಪ್ಪಲನ್ನು ಎಸೆದು ಹೊಸದನ್ನು ತನ್ನಿ.

ಕುದಿಸಲು ಮುಚ್ಚಳವಿರುವ ದೊಡ್ಡ ಪಾತ್ರೆ ಬೇಕು. ಬಿಡಿಭಾಗಗಳೆಲ್ಲ ನೀರಿನಲ್ಲಿ ಪೂರ್ತಿ ಮುಳುಗಬೇಕು, ಬಾಟಲಿಯೊಳಗೆ ಗಾಳಿಯ ಗುಳ್ಳೆ ನಿಲ್ಲಬಾರದು. ಗಾಳಿ ನಿಂತ ಜಾಗಕ್ಕೆ ಕುದಿನೀರು ತಾಗುವುದಿಲ್ಲ. ನೀರು ಕೊತಕೊತ ಕುದಿಯಲು ಆರಂಭಿಸಿದ ಮೇಲೆ ಗಡಿಯಾರ ನೋಡಿ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 5 ನಿಮಿಷ ಸಾಕೆನ್ನುತ್ತದೆ, ಬ್ರಿಟನ್ನಿನ ಆರೋಗ್ಯ ಸೇವೆ ಕನಿಷ್ಠ 10 ನಿಮಿಷ ಎನ್ನುತ್ತದೆ. ನಮ್ಮ ನೀರು, ನಮ್ಮ ಧೂಳು, ನಮ್ಮ ನೊಣಗಳನ್ನು ನೆನೆದರೆ 10 ನಿಮಿಷವನ್ನೇ ಹಿಡಿಯುವುದು ಲೇಸು. ನೀರನ್ನು ಕಾಯಿಸಿ, ಒಲೆಯಿಂದ ಇಳಿಸಿ, ಅದರಲ್ಲಿ ಬಾಟಲಿ ಅದ್ದುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೆಂದು ಕೇಳಬಹುದು. ಇಳಿಸಿದ ನೀರು ತಣ್ಣನೆಯ ಬಾಟಲಿಯನ್ನು ಮುಟ್ಟಿದ ಕ್ಷಣದಿಂದ ಆರತೊಡಗುತ್ತದೆ. ಕ್ರಿಮಿ ಸಾಯಲು ಬಿಸಿ ಬೇಕು, ಆ ಬಿಸಿ ಕೆಲ ನಿಮಿಷ ನಿಲ್ಲಲೂ ಬೇಕು.

ದಿನಕ್ಕೆ ಎಷ್ಟು ಸಲ? ತೊಳೆಯುವುದು ಪ್ರತಿ ಸಲವೂ. ಕುದಿಸುವುದು, 2 ತಿಂಗಳೊಳಗಿನ ಕೂಸು, ತೂಕ ಕಡಿಮೆಯಿರುವ ಅಥವಾ ದಿನ ತುಂಬದೆ ಹುಟ್ಟಿದ ಕೂಸು, ಕಾಯಿಲೆಯಿಂದ ಬಲಗುಂದಿದ ಕೂಸು ಇವರಿಗೆ ದಿನಕ್ಕೆ ಒಮ್ಮೆಯಾದರೂ ಕಡ್ಡಾಯ. ದೊಡ್ಡದಾದ ಆರೋಗ್ಯವಂತ ಮಗುವಿಗೆ ನಿತ್ಯ ಬೇಕಿಲ್ಲವೆಂದು ಅಮೆರಿಕದವರು ಹೇಳಿದರೂ ಬ್ರಿಟನ್ನಿನಲ್ಲಿ ಒಂದು ವರ್ಷದವರೆಗೂ ಮಾಡಿಸುತ್ತಾರೆ. ನಮ್ಮಲ್ಲಿ ಎರಡನೆಯ ದಾರಿಯೇ ಕ್ಷೇಮ. ಸಿಲಿಂಡರಿನ ಖರ್ಚು ನೆನೆದು ಹಿಂದೇಟು ಹಾಕುವವರು ಎರಡು ಮೂರು ಬಾಟಲಿ ಇಟ್ಟುಕೊಂಡು ಎಲ್ಲವನ್ನೂ ಒಟ್ಟಿಗೆ ಒಂದೇ ಸಲ ಕುದಿಸಬಹುದು. ಕಟ್ಟಿಗೆಯ ಒಲೆಯಿದ್ದ ಮನೆಯಲ್ಲಿ ಮುಂಜಾನೆ ರೊಟ್ಟಿ ಬಡಿದಾದ ಮೇಲೆ, ಒಲೆ ಇನ್ನೂ ಚೆನ್ನಾಗಿ ಉರಿಯುತ್ತಿರುವಾಗಲೇ, ಹಂಚು ಇಳಿಸಿ ಪಾತ್ರೆ ಇಡಿ. ಕೆಂಡ ಬೂದಿಯಾದ ಮೇಲೆ ಇಟ್ಟರೆ ನೀರು ಬಿಸಿಯಾದೀತು, ಕುದಿಯದು. ಇಡ್ಲಿ ಪಾತ್ರೆಯ ಹಬೆಯೂ ಒಳ್ಳೆಯದೇ. ಬಾಟಲಿಯನ್ನು ಬೋರಲು ಹಾಕಿ, ಹಬೆ ಭರ್ತಿ ಬಂದ ಮೇಲೆ 10 ನಿಮಿಷ ಇಡಬೇಕು. ಕುಕ್ಕರಿನ ಸೀಟಿ ಹಾಕಿಸುವ ಅಗತ್ಯವಿಲ್ಲ, ನಿಪ್ಪಲಿನ ಆಯುಷ್ಯ ಕಡಿಮೆಯಾಗುತ್ತದೆ.

ಕ್ಲೋರಿನ್ ಗುಳಿಗೆ ಅಥವಾ ದ್ರಾವಣದಲ್ಲಿ ನೆನೆಹಾಕುವ ಪದ್ಧತಿಯೂ ಉಂಟು. ಮಗುವಿನ ಸಾಮಾನಿಗೆಂದೇ ಮಾಡಿದ್ದನ್ನು, ಚೀಟಿಯಲ್ಲಿ ಬರೆದ ಅಳತೆ ಮತ್ತು ಸಮಯಕ್ಕೆ ಸರಿಯಾಗಿ ಬಳಸಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನು ಅಂದಾಜಿನ ಮೇಲೆ ಕಲಸಿ ಬಾಟಲಿ ಮುಳುಗಿಸುವ ಸಾಹಸ ಸರ್ವಥಾ ಬೇಡ.

ಇಷ್ಟೆಲ್ಲ ಮಾಡಿ ಕೊನೆಯಲ್ಲಿ ಸೆರಗಿನಿಂದ ನಿಪ್ಪಲ್ ಒರೆಸಿ ಕೂಸಿನ ಬಾಯಿಗಿಡುವವರನ್ನು ಕಂಡರೆ ಏನು ಹೇಳಬೇಕು! ಕುದಿಸಿದ ಸಾಮಾನನ್ನು ಇಕ್ಕಳದಿಂದ ತೆಗೆದು, ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆಯ ಮೇಲೆ ಬೋರಲು ಹಾಕಿ, ಮೇಲೊಂದು ತೆಳುಬಟ್ಟೆ ಮುಚ್ಚಿ, ತಾನಾಗಿಯೇ ಆರಲು ಬಿಡಿ. ಒರೆಸಬೇಡಿ. ಒಳಗೆ ತೇವ ಉಳಿದಿರುವಾಗಲೇ ಮುಚ್ಚಳ ಬಿಗಿದು ಕಪಾಟಿನಲ್ಲಿಟ್ಟರೆ ಕ್ರಿಮಿ ಮತ್ತೆ ಬೆಳೆಯಲು ಅಷ್ಟೇ ಸಾಕು. ಪೂರ್ತಿ ಒಣಗಿದ ಮೇಲೆ ಜೋಡಿಸಿ, ಮುಚ್ಚಳವಿರುವ ಸ್ವಚ್ಛ ಡಬ್ಬಿಯಲ್ಲಿಡಿ.

ಸವಳು ನೀರು ಮತ್ತು ಇಂಡಿಯ ನಿಂಬೆ

ನಮ್ಮ ಜಿಲ್ಲೆಯ ನೀರಿನ ಬಗೆ ಇಲ್ಲಿ ಹೇಳಲೇಬೇಕು. ಡೋಣಿ ನದಿಯ ನೀರಿನ ಉಪ್ಪು ಎಲ್ಲರಿಗೂ ಗೊತ್ತಿದ್ದದ್ದೇ. ಕೊಳವೆಬಾವಿಗಳ ನೀರೂ ಬಹಳ ಕಡೆ ಗಡಸು. ಇಂಥ ನೀರಿನಲ್ಲಿ ದಿನಾ ಕುದಿಸಿದರೆ ಬಾಟಲಿ, ನಿಪ್ಪಲ್, ಪಾತ್ರೆಯ ತಳ ಎಲ್ಲಕ್ಕೂ ಸುಣ್ಣದಂಥ ಬಿಳಿ ಪದರ ಕಟ್ಟುತ್ತದೆ. ಪದರ ತಾನಾಗಿ ವಿಷವಲ್ಲ. ಆದರೆ ಅದು ಮೈಯನ್ನು ಒರಟಾಗಿಸುತ್ತದೆ, ಹಾಲಿನ ಜಿಡ್ಡು ಅದಕ್ಕೆ ಕಚ್ಚಿಕೊಳ್ಳುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆಯನ್ನೂ ಬಿಡದು.

ಮದ್ದು ಮನೆಯಲ್ಲೇ ಇದೆ. ಇಂಡಿ ತಾಲ್ಲೂಕು ನಿಂಬೆಗೆ ಹೆಸರಾದದ್ದು. ವಾರಕ್ಕೊಮ್ಮೆ ಬೆಚ್ಚಗಿನ ನೀರಿಗೆ ಎರಡು ಮೂರು ನಿಂಬೆಹಣ್ಣು ಹಿಂಡಿ ಬಾಟಲಿಯ ಭಾಗಗಳನ್ನು ಅರ್ಧ ಗಂಟೆ ನೆನೆಸಿ ಬ್ರಷ್‌ನಿಂದ ಉಜ್ಜಿದರೆ ಪದರ ಬಿಡುತ್ತದೆ. ಪಾತ್ರೆಗೂ ಹೀಗೆಯೇ. ಹುಳಿ ಸುಣ್ಣವನ್ನು ಕರಗಿಸುತ್ತದೆ, ಅಷ್ಟೇ. ನಿಂಬೆ ಕ್ರಿಮಿಯನ್ನು ಕೊಲ್ಲುತ್ತದೆಂದು ನಂಬಿ ಆ ದಿನ ಕುದಿಸುವುದನ್ನು ಬಿಡಬಾರದು. ನಿಂಬೆನೀರನ್ನು ಚೆಲ್ಲಿ, ತೊಳೆದು, ಆಮೇಲೆ ಎಂದಿನಂತೆ ಕುದಿಸಿ.

ಇನ್ನು ಹಾಲು ಕಲಸುವ ನೀರು. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ಗಡಸಲ್ಲ ನಿಜ, ಆದರೆ ಅದು ಕ್ರಿಮಿಶುದ್ಧವೆಂದು ತಿಳಿಯಬೇಡಿ. ಕ್ಯಾನಿನ ಒಳಮೈಯನ್ನು ಕೊನೆಯ ಬಾರಿ ಉಜ್ಜಿದ್ದು ಎಂದು ನೆನಪಿಸಿಕೊಂಡರೆ ಕಾರಣ ಹೊಳೆಯುತ್ತದೆ. ಅದನ್ನೂ ಕುದಿಸಲೇಬೇಕು. ಇದಕ್ಕೆ ವಿರುದ್ಧವಾದ ತಪ್ಪುಕಲ್ಪನೆಯೂ ಒಂದಿದೆ. ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆಂಬುದು. ಜಿಲ್ಲೆಯ ಅಲ್ಲಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಮತ್ತು ನೈಟ್ರೇಟ್ ಹೆಚ್ಚಿವೆ. ಇವು ಜೀವಾಣುಗಳಲ್ಲ, ಕರಗಿದ ಲವಣಗಳು. ಕುದಿಸಿದಷ್ಟೂ ನೀರು ಆವಿಯಾಗಿ ಇವುಗಳ ಪ್ರಮಾಣ ಏರುತ್ತದೆ. ನೈಟ್ರೇಟ್ ಹೆಚ್ಚಾದ ಬಾವಿನೀರಿನಲ್ಲಿ ಕಲಸಿದ ಹಾಲು ಕುಡಿದ ಕೂಸುಗಳ ಮೈ ನೀಲಿಗಟ್ಟುವುದನ್ನು 1945ರಲ್ಲಿ ಅಮೆರಿಕದ ವೈದ್ಯರೊಬ್ಬರು ಮೊದಲು ಗುರುತಿಸಿದರು. ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿ ಕಳೆದುಕೊಳ್ಳುವುದರಿಂದ ಹೀಗಾಗುತ್ತದೆ. ಹೊಲದ ಕೊಳವೆಬಾವಿಯ ನೀರಿನಲ್ಲಿ ಸಣ್ಣ ಕೂಸಿಗೆ ಹಾಲು ಕಲಸಬೇಡಿ. ಘಟಕದ ನೀರನ್ನು ಕುದಿಸಿ ಬಳಸಿ.

ಹಾಲಿನ ಪುಡಿಯೂ ನಿರ್ಜಂತುಕವಲ್ಲ

ಡಬ್ಬಿ ಸೀಲು ಮಾಡಿ ಬರುತ್ತದೆ, ಒಳಗೆ ಕ್ರಿಮಿ ಎಲ್ಲಿಂದ ಎಂಬುದು ಸಹಜ ಪ್ರಶ್ನೆ. ಕ್ರೊನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣಪುಡಿಯಲ್ಲಿ ಬಹುಕಾಲ ಬದುಕಿರಬಲ್ಲದು. ರೋಗ ವಿರಳ. ಆದರೆ ಬಂದರೆ ಎಳೆಗೂಸಿನ ರಕ್ತಕ್ಕೂ ಮಿದುಳಿನ ಪೊರೆಗೂ ಸೋಂಕು ತಗಲಿ ಪ್ರಾಣಕ್ಕೇ ಸಂಚಕಾರ. 2022ರಲ್ಲಿ ಅಮೆರಿಕದ ಕಂಪನಿಯೊಂದು ಇದೇ ಭೀತಿಯಿಂದ ತನ್ನ ಪುಡಿಯನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪುಡಿಯನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ನೀರಿನಲ್ಲಿ ಕಲಸಬೇಕೆಂದು ಸೂಚಿಸಿತು. ಮನೆಯಲ್ಲಿ ಉಷ್ಣಮಾಪಕ ಎಲ್ಲಿ ಬರಬೇಕು? ಒಂದು ಲೀಟರ್ ನೀರು ಕುದಿಸಿ ಮುಚ್ಚಿಟ್ಟು ಅರ್ಧ ಗಂಟೆಯೊಳಗೆ ಬಳಸಿದರೆ ಸರಿಸುಮಾರು ಅಷ್ಟು ಬಿಸಿ ಇರುತ್ತದೆ. ಒಂದೇ ಲೋಟ ನೀರು ಕುದಿಸಿದರೆ ಬಹಳ ಬೇಗ ಆರುತ್ತದೆಂಬುದು ನೆನಪಿರಲಿ. ಮೊದಲು ನೀರು, ಆಮೇಲೆ ಅಳತೆಯ ಪುಡಿ. ನಂತರ ಮುಚ್ಚಿದ ಬಾಟಲಿಯನ್ನು ತಣ್ಣೀರಿನಲ್ಲಿ ನಿಲ್ಲಿಸಿ ಆರಿಸಿ, ಮುಂಗೈ ಮೇಲೆ ಎರಡು ಹನಿ ಬಿಟ್ಟು ನೋಡಿ ಕುಡಿಸಿ. ಕಲಸಿದ ಹಾಲನ್ನು 2 ಗಂಟೆಯೊಳಗೆ ಕುಡಿಸಬೇಕು. ಮಗು ಬಾಯಿ ಹಚ್ಚಿದ ಮೇಲೆ ಒಂದು ಗಂಟೆಗೆ ಮೀರಿ ಇಡಬಾರದು. ದುಡ್ಡು ಕೊಟ್ಟು ತಂದದ್ದನ್ನು ಚೆಲ್ಲಲು ಅತ್ತೆಯವರಿಗೆ ಸಂಕಟವಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿದರೆ ಚೆಲ್ಲುವ ಪ್ರಸಂಗ ಬಾರದು. ಡಬ್ಬಿ ಹೆಚ್ಚು ದಿನ ಬರಲೆಂದು ತೆಳ್ಳಗೆ ಕಲಸುವುದು ಮಾತ್ರ ಕೂಸನ್ನು ಹಸಿವೆಗೆ ಕೆಡವಿದಂತೆ.

ನಿಪ್ಪಲಿಗೆ ಜೇನುತುಪ್ಪ ಸವರಿ ಚೀಪಿಸುವ ಪದ್ಧತಿ ಇದ್ದರೆ ಇಂದೇ ಬಿಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು. ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗದ ಬೀಜಕಗಳು ಕುದಿಸಿದರೂ ಸಾಯುವಂಥವಲ್ಲ.

ಎದೆಹಾಲಿನ ಪಂಪು

ಮೊದಲು ನಗರಗಳಲ್ಲಿ ಮಾತ್ರ ಕಾಣುತ್ತಿದ್ದ ಪಂಪು ಈಗ ತಾಲ್ಲೂಕು ಊರಿನ ಔಷಧದ ಅಂಗಡಿಯಲ್ಲೂ ಸಿಗುತ್ತದೆ. 2017ರಲ್ಲಿ ಸಂಬಳಸಹಿತ ಹೆರಿಗೆ ರಜೆ 26 ವಾರಕ್ಕೆ ಏರಿದ್ದರೂ ಕೂಸಿಗೆ 6 ತಿಂಗಳು ತುಂಬಿ ಕೆಲಸಕ್ಕೆ ಮರಳಿದ ಮೇಲೂ ಹಾಲು ತೆಗೆದಿಡುವ ತಾಯಂದಿರಿದ್ದಾರೆ. ದಿನ ತುಂಬದ ಕೂಸು ಆಸ್ಪತ್ರೆಯಲ್ಲಿದ್ದಾಗ ಹಾಲು ತೆಗೆದುಕೊಡಬೇಕಾದ ಬಾಣಂತಿಯರೂ ಇದ್ದಾರೆ.

ಪಂಪಿನ ಶುಚಿತ್ವ ಎಷ್ಟು ಮುಖ್ಯವೆಂಬುದಕ್ಕೆ 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದ ಸಂಗತಿ ನಿದರ್ಶನ. ದಿನ ತುಂಬದೆ ಹುಟ್ಟಿ ಆಸ್ಪತ್ರೆಯಲ್ಲಿದ್ದ ಕೂಸೊಂದಕ್ಕೆ ಕ್ರೊನೊಬ್ಯಾಕ್ಟರ್ ಸೋಂಕು ತಗಲಿ ಮಿದುಳಿನ ಪೊರೆಯ ಉರಿಯೂತವಾಯಿತು. ಅದಕ್ಕೆ ಕೊಡುತ್ತಿದ್ದದ್ದು ತಾಯಿಯದೇ ಹಾಲು. ತನಿಖೆ ಮಾಡಿದಾಗ ಕ್ರಿಮಿಯ ಜಾಡು ಮನೆಯಲ್ಲಿದ್ದ ಪಂಪಿನವರೆಗೆ ಹೋಯಿತು. ತಾಯಿ ನಿರ್ಲಕ್ಷ್ಯದವಳೇನಲ್ಲ. ಪಂಪಿನ ಭಾಗಗಳನ್ನು ಸಾಬೂನಿನ ನೀರಿನಲ್ಲಿ ಸುಮಾರು ಐದು ಗಂಟೆ ನೆನೆಹಾಕಿ, ಉಜ್ಜದೆ ಕುದಿಸದೆ ಬರೀ ನೀರಿನಲ್ಲಿ ತೊಳೆದು, ಗಾಳಿಗೆ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡುತ್ತಿದ್ದಳು. ಬಹಳ ಹೊತ್ತು ನೆನೆದರೆ ಹೆಚ್ಚು ಶುದ್ಧವಾಗುತ್ತದೆಂಬುದು ನಮ್ಮಲ್ಲೂ ಇರುವ ನಂಬಿಕೆ. ಹಾಲಿನ ಅಂಶ ಬೆರೆತ ಬೆಚ್ಚಗಿನ ನೀರು ಕ್ರಿಮಿಗೆ ಹಬ್ಬದೂಟ. ಈ ಪ್ರಕರಣದ ಬಳಿಕ ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಪಂಪು ತೊಳೆಯುವ ಬಗ್ಗೆ ವಿವರವಾದ ಸೂಚನೆ ಹೊರಡಿಸಿತು.

ಬಾಟಲಿಗೆ ಹೇಳಿದ ಕ್ರಮವೇ ಪಂಪಿಗೂ ಅನ್ವಯಿಸುತ್ತದೆ. ಎದೆಗೆ ಹಿಡಿಯುವ ಲಾಳಿಕೆ, ಅದರ ಕೆಳಗಿನ ಸಣ್ಣ ವಾಲ್ವು, ಹಾಲು ಕೂಡುವ ಬಾಟಲಿ ಇವನ್ನೆಲ್ಲ ಪ್ರತಿ ಸಲ ಬಿಚ್ಚಿ, ಉಜ್ಜಿ, ತೊಳೆದು, ಒಣಗಿಸಬೇಕು. ದಿನಕ್ಕೊಮ್ಮೆ ಕುದಿಸಬೇಕು. ವಾಲ್ವಿನ ತೆಳು ರಬ್ಬರನ್ನು ಬ್ರಷ್ ಹಾಕಿ ತಿಕ್ಕಿದರೆ ಹರಿಯುತ್ತದೆ, ಬೆರಳಿನಿಂದಲೇ ಮೆಲ್ಲಗೆ ಉಜ್ಜಿ. ವಿದ್ಯುತ್ ಪಂಪಿನ ಗಾಳಿಯ ಕೊಳವೆಗೆ ಹಾಲು ಹೋಗುವಂತಿಲ್ಲ, ಅದನ್ನು ಸಾಮಾನ್ಯವಾಗಿ ತೊಳೆಯಬೇಕಿಲ್ಲ. ಒಳಗೆ ಹಬೆಯ ಹನಿ ಕಂಡರೆ ಬರಿದೆ ಪಂಪನ್ನು ಕೆಲ ನಿಮಿಷ ಓಡಿಸಿ ಆರಿಸಿ. ಹಾಲು ನುಗ್ಗಿದ್ದರೆ, ಕಪ್ಪು ಬೂಷ್ಟು ಕಂಡರೆ ಕೊಳವೆಯನ್ನು ಎಸೆಯಿರಿ. ಮೋಟಾರನ್ನು ನೀರಿಗೆ ಹಾಕದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ತೊಳೆಯದ ಭಾಗಗಳನ್ನು ಫ್ರಿಜ್ಜಿನಲ್ಲಿಟ್ಟು ಮತ್ತೆ ಬಳಸುವ ಅಭ್ಯಾಸವನ್ನು ಮಾಡಿಕೊಳ್ಳಬೇಡಿ. ಫ್ರಿಜ್ಜು ತಣ್ಣಗೆ ಮಾಡುತ್ತದೆಯೇ ಹೊರತು ಶುದ್ಧ ಮಾಡುವುದಿಲ್ಲ. ಅಕ್ಕ ಬಳಸಿದ ಪಂಪನ್ನು ತಂಗಿ ತರುವುದೂ ಬೇಡ. ಸ್ವಂತ ಬಳಕೆಯ ಪಂಪುಗಳಲ್ಲಿ ಅನೇಕವು ಒಬ್ಬರಿಗೆಂದೇ ಮಾಡಿದವು.

ಸೈಕಲ್ಲಿನ ಹಾರ್ನಿನಂತೆ ರಬ್ಬರ್ ಉಂಡೆಯನ್ನು ಹಿಸುಕುವ ಹಳೆಯ ಬಗೆಯ ಅಗ್ಗದ ಪಂಪನ್ನು ಕೊಳ್ಳಲೇಬೇಡಿ. ಹಾಲು ಉಂಡೆಯೊಳಗೆ ನುಗ್ಗುತ್ತದೆ, ಅಲ್ಲಿಗೆ ಬ್ರಷ್ ತಲುಪದು. ಫ್ರಾನ್ಸಿನವರು ನಿಷೇಧಿಸಿದ ಕೊಳವೆಬಾಟಲಿಯ ದೋಷವೇ ಇದಕ್ಕೂ ಇದೆ.

ನಿಜ ಹೇಳಬೇಕೆಂದರೆ ಬಹುಪಾಲು ತಾಯಂದಿರಿಗೆ ಪಂಪಿನ ಅಗತ್ಯವೇ ಇಲ್ಲ. ಕೈಯಿಂದ ಹಾಲು ತೆಗೆಯಬಹುದು. ಮೊದಲ ದಿನಗಳ ಗಟ್ಟಿ ಹಳದಿ ಹಾಲಿಗಂತೂ ಕೈಯೇ ವಾಸಿ. ಕೈತೊಳೆದು, ಕುದಿಸಿದ ಅಗಲ ಬಾಯಿಯ ಬಟ್ಟಲನ್ನು ಎದೆಯ ಕೆಳಗೆ ಹಿಡಿದು, ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಹೆಬ್ಬೆರಳನ್ನೂ ತೋರುಬೆರಳನ್ನೂ ಎದುರುಬದುರಾಗಿ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳುಗಳನ್ನು ಕೂಡಿಸಿ ಅಮುಕಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನೇ ಹಿಂಡಬಾರದು. ನೋವಾದರೆ ಕ್ರಮ ತಪ್ಪಿದೆಯೆಂದರ್ಥ. ಆಶಾ ಕಾರ್ಯಕರ್ತೆ ಅಥವಾ ಆಸ್ಪತ್ರೆಯ ದಾದಿಯನ್ನು ಕೇಳಿದರೆ ತೋರಿಸಿಕೊಡುತ್ತಾರೆ. ಇದರಲ್ಲಿ ಶುದ್ಧವಾಗಿರಬೇಕಾದದ್ದು ಎರಡೇ: ಕೈ ಮತ್ತು ಬಟ್ಟಲು.

ತೆಗೆದ ಹಾಲು 25 ಡಿಗ್ರಿಗೆ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಗೆ (ಬಾಗಿಲಲ್ಲಲ್ಲ) 4 ದಿನ ಇರಬಲ್ಲದೆಂದು ಪುಸ್ತಕಗಳಲ್ಲಿದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವಾಗ ಆ 4 ಗಂಟೆಯ ಲೆಕ್ಕ ನಡೆಯದು. ಫ್ರಿಜ್ಜಿಲ್ಲದ ಮನೆಯಲ್ಲಿ ತೆಗೆದ ಕೂಡಲೇ ಕುಡಿಸುವುದೇ ದಾರಿ. ತಣ್ಣನೆಯ ಹಾಲನ್ನು ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಬೆಚ್ಚಗೆ ಮಾಡಿ.

ಭೇದಿ ಶುರುವಾದರೆ

ಬಾಟಲಿ ಕುಡಿಯುವ ಮಗುವಿಗೆ ನೀರಿನಂಥ ಭೇದಿಯಾದರೆ ಹಾಲು ನಿಲ್ಲಿಸಬಾರದು, ಎದೆಹಾಲನ್ನಂತೂ ಎಂದೂ ನಿಲ್ಲಿಸಬಾರದು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಬಳಿ ಓ.ಆರ್.ಎಸ್. ಪೊಟ್ಟಣ ದೊರೆಯುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಚಮಚದಿಂದ ಕೊಡಿ, ಬಾಟಲಿಯಿಂದಲ್ಲ. 2 ತಿಂಗಳು ಮೀರಿದ ಮಗುವಿಗೆ ಸತುವಿನ ಗುಳಿಗೆಯನ್ನು 14 ದಿನ ಕೊಡುವ ಕ್ರಮವಿದೆ, ಪ್ರಮಾಣವನ್ನು ವೈದ್ಯರು ವಯಸ್ಸು ನೋಡಿ ಹೇಳುತ್ತಾರೆ. 2 ತಿಂಗಳೊಳಗಿನ ಕೂಸಾದರೆ ಮನೆಮದ್ದಿಗೆ ಒಂದು ಗಳಿಗೆಯನ್ನೂ ಕಳೆಯಬೇಡಿ. ಹಾಲು ಕುಡಿಯಲೊಲ್ಲದು, ಎಬ್ಬಿಸಿದರೂ ಏಳದು, ಮೈ ಸುಡುತ್ತದೆ ಅಥವಾ ತಣ್ಣಗಾಗಿದೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು, ನೆತ್ತಿ ಉಬ್ಬಿದೆ ಅಥವಾ ಕುಳಿಬಿದ್ದಿದೆ, ಕೈಕಾಲು ಸೆಟೆಯುತ್ತಿವೆ, ಇವುಗಳಲ್ಲಿ ಒಂದೇ ಕಂಡರೂ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಒಳಲೆಯನ್ನು ಮರೆತೆವೇಕೆ?

ನಮ್ಮ ಹಿರಿಯರು ಕೂಸಿಗೆ ಹಾಲು ಹಾಕುತ್ತಿದ್ದದ್ದು ಒಳಲೆಯಿಂದ. ದೋಣಿಯಾಕಾರದ ಸಣ್ಣ ಬಟ್ಟಲು, ಒಂದು ಕಡೆ ಚುಂಚು. ಬೆಳ್ಳಿಯದು, ಹಿತ್ತಾಳೆಯದು, ಈಗ ಸ್ಟೀಲಿನದೂ ಸಿಗುತ್ತದೆ. ಮೂಲೆಯಿಲ್ಲ, ತಿರುಪಿಲ್ಲ, ರಬ್ಬರಿಲ್ಲ. ಬೆರಳು ಎಲ್ಲ ಕಡೆಗೂ ಹೋಗುತ್ತದೆ. ತೊಳೆದು ಕುದಿಸಲು ಅದಕ್ಕಿಂತ ಸುಲಭವಾದ ಸಾಧನ ಇನ್ನೊಂದಿಲ್ಲ. ಎಳೆಗೂಸುಗಳ ಘಟಕಗಳಲ್ಲಿ ಚೀಪಲಾರದ ಮಕ್ಕಳಿಗೆ ಇಂದಿಗೂ ಒಳಲೆಯಿಂದ ಅಥವಾ ಸಣ್ಣ ಬಟ್ಟಲಿನಿಂದಲೇ ಹಾಲು ಕೊಡುತ್ತಾರೆ. ನಿಪ್ಪಲಿನ ರುಚಿ ಹತ್ತಿ ಎದೆ ಬಿಡುವ ತೊಂದರೆಯೂ ಇಲ್ಲ. ಕುಡಿಸುವಾಗ ಮಾತ್ರ ಕೂಸನ್ನು ಮಲಗಿಸದೆ ತೊಡೆಯ ಮೇಲೆ ತಲೆಯೆತ್ತಿ ಕೂರಿಸಿಕೊಂಡು, ಒಳಲೆಯನ್ನು ತುಟಿಗೆ ತಾಗಿಸಿ, ಕೂಸು ತಾನಾಗಿ ಗುಟುಕರಿಸಲು ಬಿಡಬೇಕು. ಗಂಟಲಿಗೆ ಸುರಿಯಬಾರದು. ಹಿತ್ತಾಳೆಯದಾದರೆ ಹಾಲಿಗೆ ಬಳಸಬೇಡಿ, ಸ್ಟೀಲಿನದನ್ನೇ ತನ್ನಿ.

ಸುಗ್ಗಿ ಮುಗಿಸಿ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುವ ಕುಟುಂಬಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಗದ್ದೆಯ ಬದುವಿನ ಗುಡಿಸಿಲಿನಲ್ಲಿ ಬಾಟಲಿಯನ್ನು ದಿನಾ ಬಿಚ್ಚಿ, ಉಜ್ಜಿ, 10 ನಿಮಿಷ ಕುದಿಸುವುದು ಆಗದ ಕೆಲಸ. ಎದೆಹಾಲು ಕುಡಿಯುವ ಕೂಸನ್ನು ತಾಯಿಯೊಂದಿಗೆ ಒಯ್ದು, ಕಟಾವಿನ ನಡುವೆ ಕುಡಿಸಲು ಬಿಡುವು ಕೊಡುವಂತೆ ಮುಕಾದಮನಿಗೆ ಮನೆಯ ಗಂಡಸರು ಮೊದಲೇ ಹೇಳಿಡಬೇಕು. ಎದೆಹಾಲಿಲ್ಲದ ಕೂಸಾದರೆ ಬಾಟಲಿಯನ್ನು ಊರಲ್ಲೇ ಬಿಟ್ಟು, ಎರಡು ಸ್ಟೀಲಿನ ಬಟ್ಟಲು, ಎರಡು ಚಮಚ, ಮುಚ್ಚಳವಿರುವ ಒಂದು ಪಾತ್ರೆ ಗಂಟಿನಲ್ಲಿ ಕಟ್ಟಿಕೊಳ್ಳಿ. ನಸುಕಿನಲ್ಲಿ ಚಹಾಕ್ಕೆ ಒಲೆ ಹೊತ್ತಿಸಿದಾಗ ಅದೇ ಪಾತ್ರೆಯಲ್ಲಿ ಬಟ್ಟಲು ಚಮಚಗಳನ್ನು ಮುಳುಗಿಸಿ ಕುದಿಸಿ, ನೀರು ಬಸಿದು, ಮುಚ್ಚಳ ಹಾಕಿಟ್ಟರೆ ಆ ದಿನದ ಮೊದಲ ಎರಡು ಸಲಕ್ಕೆ ಆಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬಟ್ಟಲುಗಳನ್ನು ಸಾಬೂನಿನಿಂದ ತೊಳೆದು ಇನ್ನೊಮ್ಮೆ ಕುದಿಸಿಕೊಳ್ಳಬೇಕು.